ಮೊದಲ ಸಾಲಿನಲ್ಲಿ ಆಯಿ

ಕುಸುಬಿ ಹಿಂಡಿಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಆ ಕರಿ ಬಿಲ್ಲೆಗಳನ್ನು ದನಗಳು ಚಪ್ಪರಿಸಿ ತಿನ್ನುತ್ತವೆ, ಮನುಷ್ಯರು ಮೂಗು ಮುಚ್ಚಿಕೊಂಡು ದಾಟುತ್ತಾರೆ. ಹೋದ ವಾರ ಸಿಂದಗಿಯಲ್ಲಿ ಆಲಮೇಲದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಒಬ್ಬಾತ ನನ್ನ ಪಕ್ಕದಲ್ಲೇ ಹಿಂಡಿಯ ಚೀಲ ಇಳಿಸಿದ. ಜನ ಸರಿದು ನಿಂತರು. ನಾನು ಮಾತ್ರ ಇನ್ನಷ್ಟು ಹತ್ತಿರ ಹೋದೆ. ಹಿಂಡಿ ಕದಿಯಲು ಬಂದ ಹೆಂಗಸೇ ಇರಬೇಕು ಎಂಬಂತೆ ಆತ ನನ್ನನ್ನು ನೋಡಿ ಚೀಲದ ಬಾಯಿ ಬಿಗಿ ಮಾಡಿದ. ಮಾಡಿಕೊಳ್ಳಲಿ. ನಾನು ಆ ವಾಸನೆಯಲ್ಲಿ ಒಂದು ಚಳಿಗಾಲವನ್ನೇ ಕಳೆದವಳು. ಅದು ಇನ್ನೊಮ್ಮೆ ಬರುವುದಿಲ್ಲವಲ್ಲ ಎಂದು ನೆನೆದು ಎದೆ ತುಂಬ ಉಸಿರು ಎಳೆದುಕೊಂಡೆ.

ಆ ವರ್ಷ ನಮ್ಮ ಆಫೀಸು ಇದ್ದದ್ದು ಸಿಂದಗಿಯ ಒಂದು ಗಾಣದ ಅಂಗಡಿಯ ಮೇಲಿನ ಕೋಣೆಯಲ್ಲಿ. ಆಫೀಸು ಎಂದರೆ ಎರಡು ಟೇಬಲ್ಲು, ಒಂದಿಷ್ಟು ಹಳೆಯ ಫೋನುಗಳು, ಕಿಟಕಿಯಲ್ಲಿ ಒಂದು ಹೂಜಿ, ನಾನು ಮತ್ತು ಬಸು. ಕೆಳಗೆ ಗಾಣ ತಿರುಗಿದರೆ ಮೇಲೆ ಟೇಬಲ್ಲು ನಡುಗುತ್ತಿತ್ತು. ಬಟ್ಟೆ, ಕೂದಲು, ಬುತ್ತಿಯ ರೊಟ್ಟಿ ಎಲ್ಲಕ್ಕೂ ಹಿಂಡಿಯದೇ ವಾಸನೆ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಕಿಟಕಿ ತೆಗೆಯುತ್ತಿದ್ದರು. ಆಗ ದಿನಾ ಬೈದುಕೊಳ್ಳುತ್ತಿದ್ದೆ. ಈಗ ಆ ಕೋಣೆಯಲ್ಲಿ ಒಂದೇ ಒಂದು ಮಧ್ಯಾಹ್ನ ಕೂರಲು ಸಿಕ್ಕರೂ ಸಾಕು ಅನಿಸುತ್ತದೆ.

ಜಿಲ್ಲೆಯ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ನಾವು ಮೊಬೈಲ್ ಆ್ಯಪ್ ಮಾಡುತ್ತಿದ್ದೆವು. ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯವರೆಗೆ ಆಸ್ಪತ್ರೆಯ ಗಾಡಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಿಗೆ ಹೋಗಿ, ಕಣ್ಣಿಗೆ ಪರೆ ಬಂದ ಮುದುಕರನ್ನು ಹತ್ತಿಸಿಕೊಂಡು ಆಪರೇಶನ್ನಿಗೆ ಒಯ್ಯುತ್ತಿತ್ತು. ಕಣ್ಣಿನ ಆಪರೇಶನ್ ಥಂಡಿಯಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆಯ ಹಿರಿಯರ ಹಟ. ಬಿಸಿಲು ಏರಿತೆಂದರೆ ಯಾರೂ ಗಾಡಿಯ ಹತ್ತಿರ ಸುಳಿಯುವುದಿಲ್ಲ. ಊರೂರಿನಲ್ಲಿ ಒಬ್ಬೊಬ್ಬರು ಮುಂದೆ ನಿಂತು ಮುದುಕರ ಹೆಸರಿನ ಪಟ್ಟಿಯನ್ನು ಫೋನಿನಲ್ಲೇ ಬರೆದು ಕಳಿಸುತ್ತಿದ್ದರು. ಗಾಡಿಯ ಜೊತೆ ಹೋಗುವ ರೇಣುಕಕ್ಕ ಆ ಪಟ್ಟಿಯನ್ನು ನಮ್ಮ ಆ್ಯಪಿನಲ್ಲಿ ತೆರೆದು ಹೆಸರು ಕೂಗಬೇಕು, ಹೆಸರಿನ ಮುಂದಿನ ಚೌಕ ಒತ್ತಿ ಗುರುತು ಹಾಕಬೇಕು. ಗುರುತು ಬಿದ್ದವರಿಗೆ ಆಸ್ಪತ್ರೆಯಲ್ಲಿ ಮಂಚ ಸಿಗುತ್ತಿತ್ತು. ಬೀಳದವರು ಮುಂದಿನ ಗಾಡಿಗೆ ಕಾಯಬೇಕು.

ಆ್ಯಪು ಬರೆಯುವವನು ಬಸು. ಅದನ್ನು ಕೆಡಿಸಿ ನೋಡುವವಳು ನಾನು. ನನ್ನ ಕೆಲಸವೇ ತಪ್ಪು ಹುಡುಕುವುದು. ಹುಟ್ಟಿದಾಗಿನಿಂದ ಇರುವ ಗುಣಕ್ಕೆ ಯಾರೋ ಪುಣ್ಯಾತ್ಮರು ಪಗಾರ ಕೊಡುತ್ತಿದ್ದಾರೆ ಎಂದು ನಮ್ಮವ್ವ ಬಂದುಹೋದವರಿಗೆಲ್ಲ ಹೇಳುತ್ತಿದ್ದಳು. ಬಸು ಬಸವನ ಬಾಗೇವಾಡಿಯವನು. ಆ ಊರಿನ ಪೇಟೆಯಲ್ಲಿ ಬಸು ಎಂದು ಕೂಗಿದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ. ಸಾಧು ಮನುಷ್ಯ, ಆದರೆ ತಾನು ಬರೆದದ್ದರ ಮೇಲೆ ಬಹಳ ಪ್ರೀತಿ. ನಾನು ಒಂದು ತಪ್ಪು ತೋರಿಸಿದರೆ ಅವನ ಮುಖ ಉಪ್ಪಿಲ್ಲದ ಸಾರು ಉಂಡಂತೆ ಆಗುತ್ತಿತ್ತು. ನಿನ್ನ ಬಾಯಲ್ಲಿ ಒಮ್ಮೆಯಾದರೂ ಚಲೋ ಐತಿ ಅನ್ನೋ ಮಾತು ಬರಲಿ, ಬಾಗೇವಾಡಿಗೆ ಹೋಗಿ ಕಾಯಿ ಒಡೆಸುತ್ತೇನೆ ಎನ್ನುತ್ತಿದ್ದ. ಕಾಯಿಯ ಖರ್ಚು ಉಳಿಸಿದೆ ಎಂದು ನಾನು ಹೇಳುತ್ತಿದ್ದೆ.

ನಮ್ಮ ಜಗಳವೆಲ್ಲ ಪಟ್ಟಿಯ ಮೇಲೆ. ಫೋನಿನಲ್ಲಿ ಬೆರಳಿಟ್ಟರೆ ಮೇಲೆ ಕೆಳಗೆ ಸರಿಯುವ ಪಟ್ಟಿಗೆ ಲಿಸ್ಟ್ ವ್ಯೂ ಎನ್ನುತ್ತಾರೆ. ಊರಿನ ಅಷ್ಟೂ ಹೆಸರು ಅದರೊಳಗೆ ಸಾಲಾಗಿ ನಿಂತಿವೆ ಎಂದು ನೋಡುವವರು ತಿಳಿಯುತ್ತಾರೆ. ಹಾಗೇನಿಲ್ಲ. ಪರದೆಯಲ್ಲಿ ಹಿಡಿಯುವಷ್ಟೇ ಸಾಲುಗಳಿರುತ್ತವೆ. ಮೇಲೆ ಮರೆಯಾದ ಸಾಲೇ ಬೇರೆ ಹೆಸರು ಹೊತ್ತು ಕೆಳಗಿನಿಂದ ಮತ್ತೆ ಬರುತ್ತದೆ, ಮದುವೆ ಮನೆಯಲ್ಲಿ ಉಂಡೆದ್ದವರ ತಾಟನ್ನೇ ತೊಳೆದು ಮುಂದಿನ ಪಂಕ್ತಿಗೆ ಇಡುವ ಹಾಗೆ. ಯಾವ ತಾಟಿಗೆ ಏನು ಬಡಿಸಬೇಕು ಎಂದು ನೋಡಿಕೊಳ್ಳುವವನು ಅಡಾಪ್ಟರ್, ಆ್ಯಪಿನೊಳಗಿನ ಒಂದು ತುಣುಕು. ಅವನು ಎಚ್ಚರ ತಪ್ಪಿದರೆ ಹಿಂದಿನವರು ಬಿಟ್ಟ ಹೋಳಿಗೆ ಮುಂದಿನವರ ತಾಟಿನಲ್ಲೇ ಉಳಿಯುತ್ತದೆ. ಮೊದಮೊದಲು ಆದದ್ದೂ ಅದೇ. ಮೇಲೆ ಒಬ್ಬ ಮುದುಕನಿಗೆ ಗುರುತು ಹಾಕಿ ಸರಿಸಿದರೆ, ಕೆಳಗೆಲ್ಲೋ ಇದ್ದ ಮುದುಕಿಯ ಚೌಕದಲ್ಲೂ ಗುರುತು ಇರುತ್ತಿತ್ತು. ಪಾಪ, ಆಕೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗಲೇ ಆಸ್ಪತ್ರೆಯ ಮಂಚ ಹತ್ತಿಬಿಟ್ಟಿರುತ್ತಿದ್ದಳು.

ಹಾಗಾಗಿ ದಿನವಿಡೀ ನನ್ನದು ಒಂದೇ ಕೆಲಸ. ಪಟ್ಟಿಯನ್ನು ಬೆರಳಿನಿಂದ ಜೋರಾಗಿ ಎಸೆಯುವುದು, ತಟ್ಟನೆ ಹಿಡಿದು ನಿಲ್ಲಿಸುವುದು, ಫೋನನ್ನು ಅಡ್ಡ ತಿರುಗಿಸುವುದು, ಗುರುತು ಹಾಕಿ ದೂರ ಹೋಗಿ ವಾಪಸು ಬಂದು ಅಲ್ಲೇ ಇದೆಯೋ ನೋಡುವುದು. ಮಧ್ಯಾಹ್ನ ಕಿಟಕಿಯಿಂದ ಎಳೆಬಿಸಿಲು ಟೇಬಲ್ಲಿನ ಮೇಲೆ ಬರುತ್ತಿತ್ತು. ಬಸುನ ಡಬ್ಬಿಯಿಂದ ಸಜ್ಜೆ ರೊಟ್ಟಿ, ನನ್ನ ಡಬ್ಬಿಯಿಂದ ಪುಂಡಿಪಲ್ಯ, ಕೆಳಗಿನ ಗಾಣದವರು ಕಳಿಸಿದ ಹಸಿ ಎಣ್ಣೆ. ಊರ ಹೊರಗೆ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ಕರಿನೆಲದ ಮೇಲೆ ಜೋಳ, ಅದರ ಅಂಚಿಗೆ ಹಳದಿ ಕುಸುಬಿ. ನನಗೆ ಆಗ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಇಷ್ಟು ಸುಖವಾಗಿದ್ದೇನೆ ಎಂಬುದು ಆಗ ತಿಳಿಯಲಿಲ್ಲ.

ಹೊಸ ತೊಂದರೆ ಬಾಗೇವಾಡಿ ಕಡೆಯಿಂದ ಬಂತು. ನಮ್ಮ ಜನ ಏನು ಬರೆಯುವುದಿದ್ದರೂ, ಮದುವೆ ಸಾಮಾನಿನ ಚೀಟಿಯೇ ಇರಲಿ, ನೆತ್ತಿಯಲ್ಲಿ ದೇವರ ಹೆಸರು ಬರೆದೇ ಮುಂದಿನ ಸಾಲಿಗೆ ಇಳಿಯುತ್ತಾರೆ. ಫೋನಿನಲ್ಲಿ ಬರೆದರೂ ಕೈ ಅದೇ ಅಲ್ಲವೇ? ಬಾಗೇವಾಡಿಯ ಪಟ್ಟಿಗಳ ಮೊದಲ ಸಾಲು ಶ್ರೀ ಬಸವೇಶ್ವರ ಪ್ರಸನ್ನ. ನಿಡಗುಂದಿ ಕಡೆಯ ಹಳ್ಳಿಯದು ಶ್ರೀ ಮಾರುತಿ ಪ್ರಸನ್ನ. ಮುದ್ದೇಬಿಹಾಳದ ಒಂದು ಮುಸಲ್ಮಾನರ ಓಣಿಯದು 786. ಅಡಾಪ್ಟರಿಗೆ ಇದೆಲ್ಲ ಏನು ಗೊತ್ತು? ಅದು ದೇವರನ್ನೂ ಪರೆ ಬಂದವರೊಳಗೆ ಒಬ್ಬನೆಂದು ತಿಳಿದು, ಪಕ್ಕದಲ್ಲಿ ಚೌಕ ಇಟ್ಟು, ವಯಸ್ಸೆಷ್ಟು, ಯಾವ ಕಣ್ಣು ಎಂದು ಕೇಳುತ್ತಿತ್ತು. ಮಾರುತಿ ದೇವರಿಗೆ ಎಡಗಣ್ಣು ಎಂದು ಬರೆಯಲೋ ಬಲಗಣ್ಣೋ ಎಂದು ರೇಣುಕಕ್ಕ ಫೋನು ಮಾಡಿ ನಕ್ಕಳೋ ನಕ್ಕಳು.

ಆ ಸಾಲು ಬಿಟ್ಟು ಬರೆಯಿರಿ ಎಂದು ಬಸು ಎಲ್ಲರಿಗೂ ಹೇಳಿ ನೋಡಿದ. ಒಬ್ಬರೂ ಒಪ್ಪಲಿಲ್ಲ. ಕಣ್ಣಿನಂಥ ಕೆಲಸವನ್ನು ದೇವರ ಹೆಸರಿಲ್ಲದೆ ಶುರು ಮಾಡಲು ಕೈ ಬರುವುದಿಲ್ಲ ಎಂದರು. ನಾನು ಝಳಕಿಯ ಕಡೆ ಹೋಗಿದ್ದಾಗ ಅವನೇ ಒಂದು ದಾರಿ ಹುಡುಕಿದ. ಪಟ್ಟಿಯ ಮೊದಲ ಸಾಲನ್ನು ಬೇರೆ ಮಾಡಿ, ಅರಿಶಿಣ ಬಣ್ಣದ ಪಟ್ಟೆಯ ನಡುವೆ ದಪ್ಪ ಅಕ್ಷರದಲ್ಲಿ ತೋರಿಸಿದ. ಅದಕ್ಕೆ ಚೌಕವಿಲ್ಲ, ವಯಸ್ಸಿಲ್ಲ, ಕಣ್ಣಿಲ್ಲ. ಎರಡನೆಯ ಸಾಲಿನಿಂದ ಮನುಷ್ಯರು. ನಾನು ಬರುವಷ್ಟರಲ್ಲಿ ಅದು ಗಾಡಿಯ ಫೋನಿಗೂ ಹೋಗಿತ್ತು. ಬಂದು ಒತ್ತಿದರೆ ಒಬ್ಬರ ಹೆಸರಿಗೆ ಅವರ ಕೆಳಗಿನವರ ವಿವರ ತೆರೆಯುತ್ತಿತ್ತು. ಕೂಗಾಡಿ ಸರಿ ಮಾಡಿಸಿದೆ. ನಮ್ಮ ಹತ್ತಿರ ಇದ್ದ ಎಲ್ಲ ಪಟ್ಟಿಗಳನ್ನೂ ಓಡಿಸಿ ನೋಡಿದೆ. ಎಲ್ಲದರ ನೆತ್ತಿಯಲ್ಲೂ ಯಾವುದೋ ಒಂದು ದೇವರಿತ್ತು, ಎಲ್ಲವೂ ಸರಿಯಾಗಿ ನಡೆದವು. ರೇಣುಕಕ್ಕನಿಗಂತೂ ಆ ಪಟ್ಟೆ ಬಹಳ ಹಿಡಿಸಿತು. ಪಟ್ಟಿ ತೆರೆದ ಕೂಡಲೇ ಅದಕ್ಕೆ ಬೆರಳು ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ಹೆಸರು ಕೂಗಲು ಶುರು ಮಾಡುತ್ತಿದ್ದಳು.

ಆಲಮೇಲದ ನಮ್ಮ ಓಣಿಯ ಪಟ್ಟಿ ಬಂದದ್ದು ಇದಾದ ಮೇಲೆ. ಅದರಲ್ಲಿ ನಮ್ಮ ಆಯಿಯೂ ಇದ್ದಳು. ಆಯಿ ಎಂದರೆ ಅಪ್ಪನ ಅವ್ವ, ಶಾಂತಾಬಾಯಿ. ಎರಡೂ ಕಣ್ಣಿಗೆ ಪರೆ. ನಮ್ಮ ಮುಖ ಕಾಣದೆ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿಯುತ್ತಿದ್ದಳು. ಪರೀಕ್ಷೆಗೆ ಬಂದಿದ್ದ ಡಾಕ್ಟರು ಬಲಗಣ್ಣಿನ ಪರೆ ಪೂರ್ತಿ ಬಲಿತಿದೆ, ಈ ಥಂಡಿಯ ಶುರುವಿಗೇ ತೆಗೆಸಿಬಿಡಿ, ಬಿಟ್ಟರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗುತ್ತದೆ ಎಂದು ಹೇಳಿ ಹೋಗಿದ್ದರು. ಪಟ್ಟಿ ಬರೆದವರು ಓಣಿಯ ಪ್ರಕಾಶ ಮಾಸ್ತರು. ಓಣಿಗೆಲ್ಲ ಹಿರಿಯಳು ಎಂದು ಆಯಿಯ ಹೆಸರನ್ನೇ ಎಲ್ಲರಿಗಿಂತ ಮೊದಲು ಬರೆದಿದ್ದರು. ನಮ್ಮದು ಬುದ್ಧ ವಿಹಾರದ ಓಣಿ. ಮಾಸ್ತರಿಗೆ ಪಟ್ಟಿಯ ನೆತ್ತಿಯಲ್ಲಿ ದೇವರನ್ನು ಬರೆಯುವ ರೂಢಿ ಇರಲಿಲ್ಲ.

ನಾನು ಆ ಪಟ್ಟಿಯನ್ನು ತೆರೆದು ನೋಡಲಿಲ್ಲ. ಆಯಿ ಆಣೆ ಹಾಕಿಸಿಕೊಂಡಿದ್ದಳು. ಆಯಿಯ ಸಣ್ಣ ವಯಸ್ಸಿನಲ್ಲಿ ನಮ್ಮ ಓಣಿಯ ಹೆಂಗಸರು ಬಾವಿಗೆ ಇಳಿಯುವಂತಿರಲಿಲ್ಲವಂತೆ. ಮೇಲಿನಿಂದ ಯಾರಾದರೂ ಸುರಿಯುತ್ತಾರೇನೋ ಎಂದು ಕೊಡ ಹಿಡಿದು ದೂರ ಕೂರಬೇಕು. ಸುರಿದರೆ ಸುರಿದರು, ಇಲ್ಲವಾದರೆ ಇಲ್ಲ. ಆಮೇಲೆ ಓಣಿಗೆ ನಳ ಬಂತು, ನಳದ ಮುಂದೆ ಕೊಡಗಳ ಪಾಳಿ ಹತ್ತಿತು. ಪಾಳಿ ಎಂದರೆ ಆಯಿಗೆ ಬಹಳ ದೊಡ್ಡದು. ಅಲ್ಲಿ ಯಾರ ದಯೆಯೂ ಬೇಡ, ಕೊಡ ಇಟ್ಟರೆ ಸಾಕು, ನೀರು ಬಂದೇ ಬರುತ್ತದೆ. ಪಾಳಿ ಮುರಿದು ಮುಂದೆ ಹೋದವರನ್ನು ಆಕೆ ಬೀಗರಾದರೂ ಬಿಡುತ್ತಿರಲಿಲ್ಲ. ಈಗ ಮೊಮ್ಮಗಳು ಆಫೀಸಿನಲ್ಲಿದ್ದಾಳೆ ಎಂದು ತಾನು ಮುಂದೆ ಹೋದೆ ಅನ್ನುವ ಮಾತು ಓಣಿಯಲ್ಲಿ ಬರಬಾರದು.

"ನಮ್ಮ ಓಣಿ ಪಟ್ಟಿಗೆ ನೀ ಕೈ ಹಚ್ಚಬ್ಯಾಡ," ಎಂದಳು. "ನನ್ನ ಪಾಳಿ ಬಂದಾಗ ನಾ ಹೋಗ್ತೇನಿ."

ಎಳ್ಳಮಾವಾಸ್ಯೆಗೆ ಮೊದಲು ಮೊದಲನೆಯ ಗಾಡಿ ಬಂತು. ನಾನು ಸಂಜೆ ಮನೆಗೆ ಬಂದರೆ ಆಯಿ ಇನ್ನೂ ಇಳಕಲ್ ಸೀರೆಯಲ್ಲೇ ಕೂತಿದ್ದಳು, ಪಕ್ಕದಲ್ಲಿ ಬಟ್ಟೆಯ ಚೀಲ. ಹೆಸರು ಕರೆಯಲಿಲ್ಲ ಎಂದಳು. ಹೆಚ್ಚು ತ್ರಾಸು ಇದ್ದವರನ್ನು ಮೊದಲು ಒಯ್ದಿರಬೇಕು ಎಂದು ತಾನೇ ಸಮಾಧಾನವನ್ನೂ ಹೇಳಿದಳು. ನಾನು ವಿಚಾರಿಸುತ್ತೇನೆ ಎಂದರೆ ಆಣೆಯನ್ನು ನೆನಪಿಸಿದಳು. ಸಂಕ್ರಾಂತಿ ಆದ ಮೇಲೆ ಎರಡನೆಯ ಗಾಡಿ ಬಂತು. ಅವತ್ತೂ ಆಯಿ ಬೆಳಗಿನಿಂದ ವಿಹಾರದ ಕಟ್ಟೆಯ ಮೇಲೆ ಚೀಲ ಹಿಡಿದು ಕೂತಳು. ಅವತ್ತೂ ಕರೆಯಲಿಲ್ಲ. ಅಷ್ಟರಲ್ಲಿ ಆಕೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಇರಲು ಶುರು ಮಾಡಿದ್ದಳು. ಥಂಡಿ ಎನ್ನುತ್ತಿದ್ದಳು. ಥಂಡಿಯಲ್ಲ, ಬಲಗಣ್ಣಿನ ಮೇಲೆ ತಲೆ ಸಿಡಿಯುತ್ತಿತ್ತು. ಅವ್ವನಿಗೂ ಹೇಳಿರಲಿಲ್ಲ. ಹೇಳಿದರೆ ನಾನು ಆಣೆ ಮುರಿದು ಪಟ್ಟಿಗೆ ಕೈ ಹಚ್ಚುತ್ತೇನೆ ಎಂಬ ಹೆದರಿಕೆ.

ಶಿವರಾತ್ರಿ ಹತ್ತಿರ ಬಂತು. ಆಲಮೇಲಕ್ಕೆ ಆ ಹಂಗಾಮಿನ ಕೊನೆಯ ಗಾಡಿ ಹೊರಟಿತು. ಇದು ತಪ್ಪಿದರೆ ಮತ್ತೆ ದೀಪಾವಳಿ. ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ ಎಂದು ರೇಣುಕಕ್ಕ ದೂರುತ್ತಿದ್ದಳು. ಅದನ್ನು ನೋಡಲು ಅವತ್ತು ನಾನೂ ಗಾಡಿಯಲ್ಲಿ ಹೋದೆ. ಪಟ್ಟಿಯನ್ನಲ್ಲ, ಪರದೆಯನ್ನು ನೋಡಲು ಹೋಗಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿ ವಿಹಾರದ ಮುಂದೆ ನಿಂತಿತು. ಕಟ್ಟೆಯ ಮೇಲೆ ಆಯಿ, ತಲೆಗೆ ಬಟ್ಟೆ, ಮಡಿಲಲ್ಲಿ ಚೀಲ. ಉಳಿದವರು ಬಹಳ ಜನ ಇರಲಿಲ್ಲ. ರೇಣುಕಕ್ಕ ಗಾಡಿಯ ಮೆಟ್ಟಿಲ ಮೇಲೆ ನಿಂತು ಪಟ್ಟಿ ತೆರೆದಳು. ರೂಢಿಯಂತೆ ಹಳದಿ ಪಟ್ಟೆಗೆ ಬೆರಳು ಮುಟ್ಟಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡಳು. ಬಿಸಿಲಿಗೆ ಕೈ ಅಡ್ಡ ಹಿಡಿದು ನಾನು ಬಗ್ಗಿ ನೋಡಿದೆ.

ಪಟ್ಟೆಯ ನಡುವೆ ದಪ್ಪ ಅಕ್ಷರದಲ್ಲಿ ಶಾಂತಾಬಾಯಿ ಎಂದಿತ್ತು.

ಒಂದು ಕ್ಷಣ ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಹೊಳೆಯಿತು. ಈ ಪಟ್ಟಿಯ ನೆತ್ತಿಯಲ್ಲಿ ದೇವರಿಲ್ಲ, ಆಯಿ ಇದ್ದಾಳೆ. ಅಡಾಪ್ಟರಿಗೆ ಮೊದಲ ಸಾಲು ಎಂದರೆ ದೇವರು. ಆಕೆಗೆ ಅರಿಶಿಣ ಹಚ್ಚಿ, ಚೌಕ ಕಿತ್ತುಕೊಂಡು, ಮೇಲೆ ಕೂರಿಸಿಬಿಟ್ಟಿದೆ. ಗಾಡಿ ಬಂದಾಗಲೆಲ್ಲ ರೇಣುಕಕ್ಕ ನಮ್ಮ ಆಯಿಯ ಹೆಸರಿಗೆ ನಮಸ್ಕಾರ ಮಾಡಿ, ಕೆಳಗಿನವರನ್ನು ಕರೆದು ಹತ್ತಿಸಿಕೊಂಡು, ಎದುರಿಗೇ ಕೂತಿದ್ದ ಆಯಿಯನ್ನು ಬಿಟ್ಟು ಹೋಗಿದ್ದಾಳೆ.

ನಾನು ರೇಣುಕಕ್ಕನ ಕೈಯಿಂದ ಫೋನು ಕಸಿದುಕೊಂಡೆ. ಒತ್ತಿದೆ, ಎಳೆದೆ, ತಿರುಗಿಸಿದೆ. ಏನೂ ಆಗುವುದಿಲ್ಲ ಎಂದು ನನಗೇ ಗೊತ್ತಿತ್ತು. ಬಸುಗೆ ಫೋನು ಹಚ್ಚಿದೆ. ಅವನಿಗೆ ಒಂದೇ ಮಾತಿಗೆ ತಿಳಿಯಿತು, ಆದರೆ ಬದಲಿಸಿ ಕಳಿಸುವವರೆಗೆ ಗಾಡಿ ನಿಲ್ಲುವಂತಿರಲಿಲ್ಲ. ಮುಂದೆ ಇನ್ನೂ ಊರುಗಳಿದ್ದವು, ಡ್ರೈವರು ಆಗಲೇ ಹಾರ್ನು ಬಾರಿಸುತ್ತಿದ್ದ. ಗುರುತಿಲ್ಲದೆ ಹತ್ತಿಸಿಕೊಂಡು ಹೋದರೆ ಆಸ್ಪತ್ರೆಯಲ್ಲಿ ಮಂಚವಿಲ್ಲ ಎಂದು ರೇಣುಕಕ್ಕ ಅಳುದನಿಯಲ್ಲಿ ಹೇಳಿದಳು. ಆಗ ಬಸು ಫೋನಿನಲ್ಲೇ ಕೂಗಿದ, ಮೇಲೆ ಒಂದು ಸಾಲು ಹೆಚ್ಚಿಸಲು ಹೇಳು, ಆಯಿ ಒಂದು ಸಾಲು ಕೆಳಗೆ ಇಳಿಯುತ್ತಾರೆ. ನಾನು ಪ್ರಕಾಶ ಮಾಸ್ತರನ್ನು ಕರೆದು, ಅವರ ಫೋನಿನಲ್ಲಿದ್ದ ಪಟ್ಟಿಯ ನೆತ್ತಿಯಲ್ಲಿ ಏನಾದರೂ ಬರೆಯಿರಿ ಎಂದೆ. ಮಾಸ್ತರು ಕನ್ನಡಕ ಏರಿಸಿ ಏನು ಬರೆಯಲಿ ಎಂದು ಕೇಳಿದರು. ನನ್ನ ತಲೆಯೂ ಓಡಲಿಲ್ಲ. ಆಗ ಆಯಿ ಕಟ್ಟೆಯ ಮೇಲಿಂದ ಹೇಳಿದಳು:

"ಏನರ ಬರೀಪಾ ಪ್ರಕಾಶಾ. ನನ್ನ ಅಲ್ಲಿಂದ ಕೆಳಗ ಇಳಸು."

ಮಾಸ್ತರು ಜೈ ಭೀಮ ಎಂದು ಬರೆದು ಕಳಿಸಿದರು. ರೇಣುಕಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡು, ಹೊಸದು ಬರಲೆಂದು ಪಟ್ಟಿಯನ್ನು ಕೆಳಗೆಳೆದು ಬಿಟ್ಟಳು. ಹಳದಿ ಪಟ್ಟೆಯಲ್ಲಿ ಜೈ ಭೀಮ ಬಂತು. ಅದರ ಕೆಳಗೆ, ಎಲ್ಲರ ಹಾಗೆ ಸಣ್ಣ ಅಕ್ಷರದಲ್ಲಿ, ಶಾಂತಾಬಾಯಿ, ವಯಸ್ಸು, ಬಲಗಣ್ಣು, ಚೌಕ. ರೇಣುಕಕ್ಕನ ಬೆರಳು ರೂಢಿಯ ಮೇಲೆ ಪಟ್ಟೆಗೆ ಹೋಯಿತು, ಕಣ್ಣಿಗೂ ಹೋಯಿತು. ಆಮೇಲೆ ಆಕೆ ಗಂಟಲು ಸರಿ ಮಾಡಿಕೊಂಡು, ಆಯಿ ಎದುರಿಗೇ ಇದ್ದರೂ, ಓಣಿಗೆಲ್ಲ ಕೇಳುವಂತೆ ಆಯಿಯ ಹೆಸರು ಕೂಗಿದಳು. ಆಯಿ ಎದ್ದು ಚೀಲ ಹಿಡಿದು, ನನ್ನ ಕೈ ಕೊಡವಿ, ತಾನೇ ತಡವಿಕೊಂಡು ಮೆಟ್ಟಿಲು ಹತ್ತಿದಳು.

ತಡವಾಗಿತ್ತು. ಬಲಗಣ್ಣಿನ ನರ ಒತ್ತಡಕ್ಕೆ ಸತ್ತುಹೋಗಿದೆ, ಇನ್ನು ಪರೆ ತೆಗೆದೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದರು. ಎಡಗಣ್ಣಿಗೆ ಆಪರೇಶನ್ ಮಾಡಿದರು. ಅದು ಚಲೋ ಆಯಿತು. ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ದಿನ ಆಯಿ ಆ ಒಂದು ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು. ಇದಕ್ಕೆ ಮೊದಲು ಆಕೆ ನನ್ನ ಮುಖವನ್ನು ಕೊನೆಯ ಸಲ ಸರಿಯಾಗಿ ಕಂಡಾಗ ನಾನು ಹೈಸ್ಕೂಲಿನಲ್ಲಿದ್ದೆ.

"ಇಷ್ಟ ದೊಡ್ಡಾಕಿ ಆಗೀದಿ," ಎಂದಳು. "ಯಾರೂ ಹೇಳಲೇ ಇಲ್ಲ ನನಗ."

ನಾನು ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಅತ್ತೆ. ಎರಡು ಕಣ್ಣಿನಿಂದ ನೋಡಬೇಕಾದವಳು ಒಂದರಿಂದ ನೋಡುತ್ತಿದ್ದಾಳೆ ಎಂಬ ಸಂಕಟ ಒಂದು ಕಡೆ, ನೋಡುತ್ತಿದ್ದಾಳಲ್ಲ ಎಂಬ ಸುಖ ಇನ್ನೊಂದು ಕಡೆ.

ಬಸು ಆ ದಿನಗಳಲ್ಲಿ ಊಟ ಬಿಟ್ಟವನಂತೆ ಓಡಾಡುತ್ತಿದ್ದ. ನಾನು ಅವನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಆಯಿ ಮನೆಗೆ ಬಂದ ಮೇಲೆ ಒಂದು ಭಾನುವಾರ ಬಾಗೇವಾಡಿಯಿಂದ ಬಸ್ಸು ಬದಲಿಸಿಕೊಂಡು ಆಲಮೇಲಕ್ಕೆ ಬಂದ. ಪಡಸಾಲೆಯಲ್ಲಿ ಆಯಿಯ ಎದುರು ತಲೆ ತಗ್ಗಿಸಿ ಕೂತ. ನನ್ನ ತಪ್ಪಿನಿಂದ ನಿಮ್ಮ ಕಣ್ಣು ಹೋಯಿತು ಎಂದು ಹೇಳಲು ಬಂದವನು ಅರ್ಧಕ್ಕೇ ತಡವರಿಸಿದ. ಆಯಿ ಕಪ್ಪು ಕನ್ನಡಕದೊಳಗಿಂದ ಅವನನ್ನು ನೋಡಿ, ಆ ಹಳದಿ ಪಟ್ಟೆಯ ಕಥೆಯನ್ನು ಮೊದಲಿನಿಂದ ಹೇಳು ಎಂದಳು. ಅವನು ಹೇಳಿದ. ಆಯಿ ನಡುವೆ ಬಾಯಿ ಹಾಕದೆ ಕೇಳಿದಳು.

"ಹಂಗಾರ ಇಷ್ಟ ದಿನ ನಾ ದೇವರ ಜಾಗಾದಾಗ ಕುಂತಿದ್ನೇನು?" ಎಂದು ಕೊನೆಗೆ ಕೇಳಿದಳು. "ಅದಕ್ಕ ಯಾರೂ ಕರೀಲಿಲ್ಲ ಬಿಡು. ದೇವರನ್ನ ಗಾಡ್ಯಾಗ ಯಾರ ಹತ್ತಿಸ್ಕೋತಾರ? ಕೈ ಮುಗದು ಅಲ್ಲೇ ಬಿಟ್ಟ ಹೋಗ್ತಾರ."

ಆಯಿಗೆ ಬಸುನ ಮೇಲೆ ಕರುಣೆ ಬಂತೆಂದು ಕಾಣುತ್ತದೆ. ಅವ್ವನನ್ನು ಕೂಗಿ ಅವನಿಗೆ ಊಟಕ್ಕೆ ಬಡಿಸಲು ಹೇಳಿದಳು. ಅವನು ಉಂಡ. ಎರಡನೆಯ ರೊಟ್ಟಿಗೆ ಬೇಡ ಎಂದವನಿಗೆ ಆಯಿ ತಾನೇ ಎದ್ದು ಬಂದು ಹಾಕಿದಳು. ತಾಟು ಎಲ್ಲಿದೆ ಎಂದು ತಡವದೆ, ಕಂಡು ಹಾಕಿದಳು. ನಮ್ಮನ್ನ ಈ ಊರಾಗ ಮ್ಯಾಲ ಕುಂದ್ರಿಸಿದವ ನೀ ಒಬ್ಬನೇ ನೋಡಪಾ ಎಂದು ನಕ್ಕಳು. ಅವನೂ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ.

ಮರುದಿನ ಗಾಣದ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ಜಗಳವಾಡದೆ ಕೂತು ಕೆಲಸ ಮಾಡಿದೆವು. ಪಟ್ಟಿ ಬರೆಯುವವರು ನೆತ್ತಿಯ ಸಾಲು ದೇವರದೋ ಮನುಷ್ಯರದೋ ಎಂದು ತಾವೇ ಹೇಳುವಂತೆ ಬಸು ಬದಲಿಸಿದ. ಕೈಯಿಂದ ನೋಡಿದ್ದು ಸಾಲದು, ಇನ್ನು ಮೇಲೆ ಯಾರು ಏನು ಬದಲಿಸಿದರೂ ಕಂಪ್ಯೂಟರೇ ಮೊದಲು ಪರೀಕ್ಷೆ ಮಾಡಿ ನೋಡಬೇಕು ಎಂದು ನಾನು ಒಂದೊಂದಾಗಿ ಪರೀಕ್ಷೆಗಳನ್ನು ಬರೆದೆ. ಖಾಲಿ ಪಟ್ಟಿ, ಬರೀ ದೇವರಿರುವ ಪಟ್ಟಿ, ಒಬ್ಬರೇ ಇರುವ ಪಟ್ಟಿ. ಎಲ್ಲಕ್ಕಿಂತ ಮೊದಲಿನದು ದೇವರಿಲ್ಲದ ಪಟ್ಟಿಯ ಪರೀಕ್ಷೆ. ಮೊದಲ ಸಾಲಿನಲ್ಲಿ ಮನುಷ್ಯರೊಬ್ಬರನ್ನು ಇಟ್ಟು, ಅವರಿಗೆ ಚೌಕ ಇದೆಯೋ, ಒತ್ತಿದರೆ ಗುರುತು ಬೀಳುತ್ತದೋ ನೋಡುವುದು. ಬೀಳದಿದ್ದರೆ ಅಲ್ಲಿಗೇ ಎಲ್ಲ ನಿಲ್ಲಬೇಕು, ಆ್ಯಪು ಗಾಡಿಯ ಫೋನಿಗೆ ಹೋಗಲೇಬಾರದು. ಪರೀಕ್ಷೆಗೆ ಒಂದು ಹೆಸರು ಬೇಕಿತ್ತು. ಬಸು ನನ್ನ ಮುಖ ನೋಡಿದ. ಶಾಂತಾಬಾಯಿ ಎಂದು ಬರೆದೆ.

ಯುಗಾದಿಗೆ ಕೆಲಸ ಮುಗಿಯಿತು. ಗಾಣದವರಿಗೆ ಕೋಣೆಯ ಬೀಗದಕೈ ಕೊಟ್ಟೆವು. ಬಸು ಬಾಗೇವಾಡಿಯಲ್ಲೇ ಕೂತು ಆ ಆ್ಯಪನ್ನು ನೋಡಿಕೊಳ್ಳುತ್ತೇನೆ ಎಂದ. ನನಗೆ ವಿಜಯಪುರದಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮನೆ, ಸಂಸಾರ ಆಯಿತು. ಆಯಿ ಆ ಒಂದು ಕಣ್ಣಿನಿಂದ ನನ್ನ ಮದುವೆ ನೋಡಿದಳು, ನನ್ನ ಮಗಳನ್ನು ನೋಡಿದಳು. ಕೂಸಿನ ಮೂಗು ತನ್ನದೇ ಎಂದು ಜಗಳವಾಡಿ ಗೆದ್ದಳು. ನಳದ ಮುಂದೆ ಯಾರ ಕೊಡ ಮುಂದೆ ಸರಿಯಿತು ಎಂದು ಪಡಸಾಲೆಯಿಂದಲೇ ಕಂಡುಹಿಡಿದು ಓಣಿಯ ಹುಡುಗಿಯರನ್ನು ಗೋಳು ಹೊಯ್ದುಕೊಂಡಳು. ಹೋದ ಥಂಡಿಯಲ್ಲಿ ತೀರಿಕೊಂಡಳು. ನಾನು ಈಗಲೂ ಬೇರೆಯವರ ಆ್ಯಪುಗಳನ್ನು ಕೆಡಿಸಿ ನೋಡುತ್ತೇನೆ. ಊಟ ತರಿಸುವವು, ಸೀರೆ ಮಾರುವವು. ಪಟ್ಟಿಗಳೇನೋ ಸಾವಿರ ಇವೆ. ಅವುಗಳಲ್ಲಿ ನನಗೆ ಬೇಕಾದವರು ಯಾರೂ ಇಲ್ಲ.

ಹೋದ ವಾರ ಆ ಆಲಮೇಲದ ಬಸ್ಸು ಹತ್ತಿ ಕೂತ ಮೇಲೆ ಬಸುಗೆ ಫೋನು ಹಚ್ಚಿದೆ. ಎಷ್ಟೋ ತಿಂಗಳಿಂದ ಮಾತಾಡಿರಲಿಲ್ಲ. ಮನೆ ಮಕ್ಕಳ ಸುದ್ದಿ ಆಯಿತು. ಆ್ಯಪು ಇನ್ನೂ ನಡೆಯುತ್ತಿದೆ, ರೇಣುಕಕ್ಕ ನಿವೃತ್ತಳಾದಳು, ಈಗ ಬೇರೆ ಹುಡುಗಿ ಗಾಡಿಯ ಜೊತೆ ಹೋಗುತ್ತಾಳೆ ಎಂದ. ನಾನು ಕೇಳಬೇಕೆಂದಿದ್ದುದನ್ನು ಕೇಳಲು ಹೆದರಿಕೆಯಾಯಿತು. ಆ ಮೊದಲ ಪರೀಕ್ಷೆ, ಅದರಲ್ಲಿನ ಹೆಸರು, ಇನ್ನೂ ಇದೆಯೋ, ತೆಗೆದೆಯೋ ಎಂದು ಕೊನೆಗೆ ಕೇಳಿದೆ.

"ಹ್ಯಾಂಗ ತಗೀಲಿ ಸುಜಾತಾ?" ಎಂದ. "ಏನ ಬದಲಿ ಮಾಡಿದ್ರೂ ಮೊದಲ ಆಯೀನ್ನ ಗಾಡಿ ಹತ್ತಸ್ತೇನಿ. ಅವರು ಹತ್ತಿದ ಮ್ಯಾಲ ಉಳದವ್ರು."

ಇವತ್ತೂ ಹತ್ತಿಸಿದೆಯಾ ಎಂದು ಕೇಳಿದೆ.

"ಮುಂಜಾನೇನ ಹತ್ತಿದ್ರು," ಎಂದ.